ಪಿಕಾಚುವಿನ ಕೆನ್ನೆಯಲ್ಲಿ ಎಷ್ಟು ವೋಲ್ಟ್ ಹಿಡಿಸುತ್ತದೆ?

ಪೊಕೆಮಾನ್ ಆಟದ ಪ್ರಾಣಿಗಳಿಗಿರುವ ಶಕ್ತಿಗಳನ್ನು ಜೀವಶಾಸ್ತ್ರದ ಚೌಕಟ್ಟಿನೊಳಗೆ ತಂದು ನೋಡುವ ಕೆಲಸವನ್ನು ನಾನು ಹಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಮಾಡುತ್ತ ಬಂದಿದ್ದೇನೆ. 1996ರಲ್ಲಿ ಜಪಾನಿನಲ್ಲಿ ಗೇಮ್ ಬಾಯ್‌ಗಾಗಿ ಬಂದ ಮೊದಲ ಆಟಗಳ 151 ಪ್ರಾಣಿಗಳೇ ನನಗೆ ಬೇಕಾದಷ್ಟಾಗಿವೆ. ಈ ಆಟವನ್ನು ಕಲ್ಪಿಸಿದ ಸತೋಶಿ ತಾಜಿರಿ ಬಾಲ್ಯದಲ್ಲಿ ಕೀಟಗಳನ್ನು ಹಿಡಿದು ಸಂಗ್ರಹಿಸುತ್ತಿದ್ದವರು. ಆ ಆಸಕ್ತಿ ಆಟದೊಳಗೂ ಹರಿದು ಬಂದಿರುವುದರಿಂದಲೇ ಈ ಪ್ರಾಣಿಗಳು ಜೀವಶಾಸ್ತ್ರದ ಪ್ರಶ್ನೆಗಳನ್ನು ತಾಳಿಕೊಳ್ಳುತ್ತವೆ ಎಂಬುದು ನನ್ನ ನಂಬಿಕೆ.

ಯಾವ ಪ್ರಾಣಿಯನ್ನು ಎತ್ತಿಕೊಂಡರೂ ನಾನು ಮೊದಲು ಕೇಳುವುದು ಅದರ ಶಕ್ತಿಗೆ ಬೇಕಾದ ಇಂಧನ ಎಲ್ಲಿಂದ ಬರುತ್ತದೆ, ಅದನ್ನು ಯಾವ ಅಂಗಾಂಶ ಉತ್ಪಾದಿಸುತ್ತದೆ, ಮತ್ತು ಆ ಪ್ರಾಣಿ ತನ್ನ ಶಕ್ತಿಗೆ ತಾನೇ ಬಲಿಯಾಗದೆ ಹೇಗೆ ಉಳಿಯುತ್ತದೆ ಎಂಬುದನ್ನು. ಆಟದ ನಿಯಮಗಳನ್ನೂ ಆಟದೊಳಗಿನ ವಿವರಣೆಗಳನ್ನೂ ಕಾಡಿನಲ್ಲಿ ಬರೆದುಕೊಂಡ ಟಿಪ್ಪಣಿಗಳಂತೆ ಗೌರವಿಸುತ್ತೇನೆ. 'ಅದಕ್ಕೊಂದು ವಿಶೇಷ ಅಂಗವಿದೆ' ಎಂದು ಹೇಳಿ ಕೈತೊಳೆದುಕೊಳ್ಳುವುದು ವಿವರಣೆಯಲ್ಲ. ಆ ಅಂಗಕ್ಕೆ ದೇಹದಲ್ಲಿ ಜಾಗ ಬೇಕು, ಅದನ್ನು ಸಾಕಲು ಆಹಾರ ಬೇಕು.

ಇಲಿಯಂಥ ಪೊಕೆಮಾನ್ ಪಿಕಾಚುವನ್ನೇ ನೋಡಿ. ಎತ್ತರ 0.4 ಮೀಟರ್, ತೂಕ 6 ಕಿಲೋ, ಎರಡು ಕೆನ್ನೆಗಳಲ್ಲಿ ವಿದ್ಯುತ್ ಚೀಲಗಳು. ನಿಜಜಗತ್ತಿನಲ್ಲಿ ಇದಕ್ಕೆ ಹತ್ತಿರದ ಮಾದರಿ ದಕ್ಷಿಣ ಅಮೆರಿಕದ ಎಲೆಕ್ಟ್ರಿಕ್ ಈಲ್ ಮೀನು. ಅದರ ವಿದ್ಯುತ್ ಕೋಶಗಳು ಸ್ನಾಯುಕೋಶಗಳಿಂದಲೇ ರೂಪುಗೊಂಡಂಥವು. ನರದ ಸಂಕೇತ ಬಂದೊಡನೆ ಸೋಡಿಯಂ ಅಯಾನುಗಳು ಕೋಶದ ಒಂದೇ ಬದಿಯಿಂದ ಒಳನುಗ್ಗುತ್ತವೆ, ಒಂದೊಂದು ಕೋಶದಲ್ಲಿ ಸುಮಾರು 0.1 ವೋಲ್ಟ್ ಹುಟ್ಟುತ್ತದೆ. ಟಾರ್ಚಿನೊಳಗೆ ಸೆಲ್ಲುಗಳನ್ನು ಒಂದರ ಹಿಂದೊಂದು ಹಾಕಿದಂತೆ ಸಾವಿರಾರು ಕೋಶಗಳು ಸಾಲಾಗಿರುವುದರಿಂದ ವೋಲ್ಟುಗಳು ಕೂಡಿಕೊಳ್ಳುತ್ತವೆ. 2019ರಲ್ಲಿ ಪ್ರತ್ಯೇಕ ಪ್ರಭೇದವೆಂದು ಗುರುತಿಸಲಾದ ಎಲೆಕ್ಟ್ರೋಫೋರಸ್ ವೋಲ್ಟಾಯ್ ಎಂಬ ಮೀನಿನಲ್ಲಿ 860 ವೋಲ್ಟ್ ಅಳೆಯಲಾಗಿದೆ. ಅದಕ್ಕಾಗಿ ಆ ಮೀನು ತನ್ನ ದೇಹದ ಬಹುಪಾಲನ್ನು ವಿದ್ಯುತ್ ಅಂಗಗಳಿಗೇ ಬಿಟ್ಟುಕೊಟ್ಟು, ಜಠರ, ಯಕೃತ್ತು ಮುಂತಾದವನ್ನೆಲ್ಲ ತಲೆಯ ಹಿಂದಿನ ಸ್ವಲ್ಪ ಜಾಗದಲ್ಲಿ ಒತ್ತಿಕೊಂಡಿದೆ.

ಇಲ್ಲಿ ನಾನು ಕಾಗದ ತೆಗೆದುಕೊಂಡು ಲೆಕ್ಕಕ್ಕೆ ಕೂತೆ. ಒಣಗಾಳಿಯಲ್ಲಿ 1 ಸೆಂಟಿಮೀಟರ್ ದೂರಕ್ಕೆ ಕಿಡಿ ಹಾರಬೇಕಾದರೆ ಸುಮಾರು 30,000 ವೋಲ್ಟ್ ಬೇಕು, ಅಂದರೆ 3 ಲಕ್ಷ ಕೋಶಗಳ ಸಾಲು. ಒಂದು ಕೋಶವನ್ನು 0.1 ಮಿಲಿಮೀಟರ್ ದಪ್ಪವೆಂದು ಹಿಡಿದರೂ ಆ ಸಾಲಿನ ಉದ್ದ 30 ಮೀಟರ್ ಆಗುತ್ತದೆ. 3 ಸೆಂಟಿಮೀಟರಿನ ಕೆನ್ನೆಯಲ್ಲಿ ಹಿಡಿಸುವುದು 300 ಕೋಶಗಳು, 30 ವೋಲ್ಟ್. ಆದ್ದರಿಂದ ನನ್ನ ಪಿಕಾಚುವಿನಲ್ಲಿ ಕೆನ್ನೆಗಳು ವಿದ್ಯುತ್ತು ಹೊರಬರುವ ತುದಿಗಳು ಮಾತ್ರ. ಕೋಶಗಳ ಸಾಲು ಬೆನ್ನಿನುದ್ದಕ್ಕೂ ಬಾಲದವರೆಗೂ ಹಬ್ಬಿದೆ. 40 ಸೆಂಟಿಮೀಟರ್ ಸಾಲಿನಲ್ಲಿ 400 ವೋಲ್ಟ್ ಹುಟ್ಟುತ್ತದೆ. ಮೈಗೆ ಮೈ ತಾಗಿಸಿ ಶತ್ರುವನ್ನು ತತ್ತರಿಸುವಂತೆ ಮಾಡಲು ಇಷ್ಟು ಸಾಕು, ಚರ್ಮ ಒದ್ದೆಯಾಗಿದ್ದರೆ ಇನ್ನೂ ಒಳ್ಳೆಯದು.

ಹಾಗಾದರೆ ದೂರಕ್ಕೆ ಹಾರುವ ಕಿಡಿಯ ಗತಿಯೇನು? ಅದಕ್ಕೆ ನಾನು ತುಪ್ಪಳದ ಸ್ಥಿರವಿದ್ಯುತ್ತನ್ನು ಆಶ್ರಯಿಸಿದೆ. ಒಣಹವೆಯಲ್ಲಿ ಕಾರ್ಪೆಟ್ಟಿನ ಮೇಲೆ ನಡೆದ ಮನುಷ್ಯನ ಮೈಯಲ್ಲೇ ಕೆಲವು ಸಾವಿರ ವೋಲ್ಟ್ ಸೇರಿಕೊಳ್ಳುತ್ತದೆ; ಹಾರುವ ದುಂಬಿಗಳ ಮೈಯಲ್ಲಿಯೂ ವಿದ್ಯುದಾವೇಶ ಇರುತ್ತದೆ. ವೋಲ್ಟ್ ಹೆಚ್ಚು, ಆದರೆ ಹರಿಯುವ ಆವೇಶ ಅತ್ಯಲ್ಪ. ಹೀಗೆ ಎರಡು ವ್ಯವಸ್ಥೆಗಳನ್ನು ಜೋಡಿಸಿದ ಮೇಲೆ ಪ್ರಾಣಿಯ ಬದುಕೇ ನನ್ನೆದುರು ಬಿಚ್ಚಿಕೊಂಡಿತು: ಬೇಸಿಗೆಯಲ್ಲಿ ಅದು ದೂರದಿಂದ ಚಟಪಟ ಕಿಡಿ ಹಾರಿಸಿ ಬೆದರಿಸುತ್ತದೆ, ಮಳೆಗಾಲದಲ್ಲಿ ತುಪ್ಪಳ ನೆನೆದು ಆ ಬೆದರಿಕೆ ನಡೆಯದಿದ್ದಾಗ ಮೈಮೇಲೆರಗಿ ಹೊಡೆಯುತ್ತದೆ. ಮಣ್ಣಿನ ಜಾತಿಯ ಪೊಕೆಮಾನ್‌ಗಳಿಗೆ ವಿದ್ಯುತ್ತು ತಾಗುವುದೇ ಇಲ್ಲವೆಂಬ ಆಟದ ನಿಯಮವೂ ಇದಕ್ಕೆ ಹೊಂದುತ್ತದೆ. ಹಸಿಮಣ್ಣು ಮೆತ್ತಿಕೊಂಡ ಮೈಯ ಹೊರಪದರದಲ್ಲೇ ವಿದ್ಯುತ್ತು ಹರಿದು ನೆಲ ಸೇರುತ್ತದೆ, ಒಳಗಿನ ನರಗಳವರೆಗೆ ತಲುಪುವುದಿಲ್ಲ.

ಬಾಲದ ತುದಿಯಲ್ಲಿ ಸದಾ ಬೆಂಕಿ ಹೊತ್ತಿರುವ ಪೊಕೆಮಾನ್ ಚಾರ್ಮಾಂಡರ್ ವಿಷಯದಲ್ಲಿ ಆಹಾರದ ಪ್ರಶ್ನೆಯೇ ಎಲ್ಲವನ್ನೂ ತೀರ್ಮಾನಿಸಿತು. ಸಾಮಾನ್ಯ ಮೇಣದಬತ್ತಿಯ ಜ್ವಾಲೆ ಸುಮಾರು 80 ವ್ಯಾಟ್ ಹೊಮ್ಮಿಸುತ್ತದೆ. ಬಾಲದ ತುದಿಯಲ್ಲಿ ಅಷ್ಟೇ ಜ್ವಾಲೆ ಹಗಲಿರುಳು ಉರಿಯಬೇಕಾದರೂ ದಿನಕ್ಕೆ ಹತ್ತಿರಹತ್ತಿರ 180 ಗ್ರಾಂ ಕೊಬ್ಬು ಬೇಕು, 8.5 ಕಿಲೋ ತೂಕದ ಹಲ್ಲಿಯಂಥ ಪ್ರಾಣಿಗೆ ಅದು ಆಗದ ಮಾತು. ಹಾಗಾಗಿ ನನ್ನ ಚಾರ್ಮಾಂಡರ್‌ಗೆ ಸದಾ ಇರುವುದು ಸಣ್ಣ ಮಿಣುಕು ಮಾತ್ರ. ಬೆಂಕಿ ಉಗುಳುವುದಕ್ಕೆ ಬಾಂಬಾರ್ಡಿಯರ್ ಜೀರುಂಡೆಯ ದಾರಿ ಹಿಡಿದೆ. ಆ ಜೀರುಂಡೆ ಹೈಡ್ರೋಕ್ವಿನೋನ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ದ್ರಾವಣವನ್ನು ಒಂದು ಚೀಲದಲ್ಲಿಟ್ಟುಕೊಂಡು, ಬೇಕಾದ ಗಳಿಗೆಯಲ್ಲಿ ಮಾತ್ರ ಕಿಣ್ವಗಳಿರುವ ಗಟ್ಟಿಗೋಡೆಯ ಕೋಣೆಗೆ ಬಿಡುತ್ತದೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರವ ಸಿಡಿಯುತ್ತದೆ, ಜೀರುಂಡೆಗೆ ಏನೂ ಆಗುವುದಿಲ್ಲ.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಬಲ್ಬಸಾರ್. ಬೆನ್ನ ಮೇಲೆ ಗಡ್ಡೆ ಹೊತ್ತ ಈ 6.9 ಕಿಲೋ ಪ್ರಾಣಿ ತಣ್ಣನೆ ರಕ್ತದ್ದಾದರೆ ಅದಕ್ಕೆ ಒಂದೂವರೆ ವ್ಯಾಟ್ ಸಾಕು. 0.1 ಚದರ ಮೀಟರ್ ಹಸಿರು ಮೈಮೇಲೆ ನಡುಹಗಲಿನ ಬಿಸಿಲು 100 ವ್ಯಾಟ್ ಬೀಳುತ್ತದೆ, ಸಸ್ಯ ಅದರಲ್ಲಿ ನೂರಕ್ಕೆ ಒಂದೆರಡು ಪಾಲನ್ನು ಹಿಡಿದಿಡುತ್ತದೆ. ಇರುಳು, ಮೋಡ ಎಲ್ಲವನ್ನೂ ಕಳೆದರೆ ದಿನದ ಅಗತ್ಯದ ಕಾಲುಭಾಗವಷ್ಟೇ ಹುಟ್ಟೀತು. ಬಿಸಿಲೊಂದರಿಂದಲೇ ಅದು ಬದುಕಲಾರದು, ಆದರೆ ಬರಗಾಲದಲ್ಲಿ ಆ ಕಾಲುಭಾಗ ಜೀವ ಉಳಿಸುತ್ತದೆ.

ಪ್ರಾಣಿದೇಹ ಸಸ್ಯವನ್ನು ಹೊರಗಿನದೆಂದು ತಿರಸ್ಕರಿಸುವುದಿಲ್ಲವೇ ಎಂಬುದು ಇದಕ್ಕಿಂತ ದೊಡ್ಡ ಪ್ರಶ್ನೆ. ಆಟದ ವಿವರಣೆ ಹೇಳುವಂತೆ ಬೀಜ ಬೆನ್ನ ಮೇಲೆ ನೆಟ್ಟದ್ದು ಹುಟ್ಟಿದಾಗ. 1953ರಲ್ಲಿ ಜೀವವಿಜ್ಞಾನಿ ಪೀಟರ್ ಮೆಡಾವರ್ ಮತ್ತು ಸಂಗಡಿಗರು, ಹುಟ್ಟುವ ಮೊದಲೇ ಬೇರೆ ತಳಿಯ ಕೋಶಗಳನ್ನು ಪಡೆದ ಇಲಿಗಳು ಬೆಳೆದ ಮೇಲೆ ಅದೇ ತಳಿಯ ಚರ್ಮದ ಕಸಿಯನ್ನು ಸ್ವೀಕರಿಸುತ್ತವೆ ಎಂದು ತೋರಿಸಿದ್ದರು. ಉತ್ತರ ಅಮೆರಿಕದ ಚುಕ್ಕೆ ಸಾಲಮಾಂಡರಿನಲ್ಲಂತೂ ಭ್ರೂಣವಾಗಿದ್ದಾಗಲೇ ಹಸಿರು ಪಾಚಿ ಜೀವಕೋಶಗಳೊಳಗೆ ಸೇರಿಕೊಳ್ಳುತ್ತದೆ. ಆದ್ದರಿಂದ ನನ್ನ ಬಲ್ಬಸಾರ್‌ನ ಬೀಜವನ್ನು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ, ಮೊಟ್ಟೆಯೊಳಕ್ಕೇ ಸರಿಸಿದ್ದೇನೆ: ತಾಯಿ ಮೊಟ್ಟೆಯಿಡುವಾಗ ತನ್ನ ಗಡ್ಡೆಯ ಒಂದು ಮೊಗ್ಗನ್ನು ಅದರ ಲೋಳೆಯಲ್ಲಿ ಬಿಡುತ್ತದೆ, ಮರಿಯ ರೋಗನಿರೋಧಕ ವ್ಯವಸ್ಥೆ ಬಲಿಯುವ ಮೊದಲೇ ಆ ಮೊಗ್ಗು ಬೆನ್ನಿನ ಚರ್ಮದಲ್ಲಿ ಬೇರೂರಿರುತ್ತದೆ.