ಐವತ್ತು ದಿನ ಬರುವ ಸಿಲಿಂಡರ್

ಹೊಸ ಸಿಲಿಂಡರ್ ಹಾಕಿದ ದಿನ ಅದರ ಮೈಮೇಲೆ ಸೀಮೆಸುಣ್ಣದಲ್ಲಿ ತಾರೀಖು ಬರೆದುಬಿಡುತ್ತೇನೆ. ಎಂ.ಜಿ. ರಸ್ತೆ ಮಾರುಕಟ್ಟೆಯಲ್ಲಿ ಹುರುಳಿಕಾಯಿಗೆ ಐದು ರೂಪಾಯಿ ಚೌಕಾಸಿ ಮಾಡುವ ನಾವು, ಹೋದ ಸಲದ ಗ್ಯಾಸ್ ಎಷ್ಟು ದಿನ ಬಂತು ಅಂದರೆ ತಡವರಿಸುತ್ತೇವೆ. ಮೈಸೂರಿನ ನಮ್ಮ ನಾಲ್ಕು ಜನರ ಮನೆಯಲ್ಲಿ ಮೊದಲು 35 ದಿನಕ್ಕೆ ಮುಗಿಯುತ್ತಿದ್ದದ್ದು ಈಗ 50 ದಾಟುತ್ತದೆ. ಮುದ್ದೆ, ಅನ್ನ, ಸಾರು ಯಾವುದೂ ಕಡಿಮೆಯಾಗಿಲ್ಲ.

ತರಿಸಿಕೊಳ್ಳುವಾಗಲೇ ತೂಕ ನೋಡಿ. ಹಿಡಿಯ ಕೆಳಗಿನ ಪಟ್ಟಿಯ ಮೇಲೆ ಖಾಲಿ ತೂಕ ಬರೆದಿರುತ್ತದೆ, ಅದಕ್ಕೆ 14.2 ಕೆಜಿ ಕೂಡಿಸಿದಷ್ಟು ತಕ್ಕಡಿ ತೋರಿಸಬೇಕು.

ದೊಡ್ಡ ಉಳಿತಾಯ ಇರುವುದು ಬೇಳೆಕಾಳಿನಲ್ಲಿ. ತೊಗರಿಬೇಳೆ ಅರ್ಧ ಗಂಟೆ, ಹುರುಳಿ, ಕಡಲೆ, ಒಣ ಅವರೆಕಾಳು ರಾತ್ರಿಯಿಡೀ ನೆನೆಯಲಿ. ನೆನೆಸಿದರೂ ಬೇಯುತ್ತಿಲ್ಲ ಅನ್ನುವವರು ಬೇಳೆಯನ್ನು ಬೈಯುವ ಮುಂಚೆ ನೀರನ್ನು ನೋಡಬೇಕು. ಬೋರ್‌ವೆಲ್‌ನ ಗಡಸು ನೀರಿನ ಸುಣ್ಣದ ಅಂಶ ಕಾಳಿನ ಸಿಪ್ಪೆಯನ್ನು ಬಿಗಿಮಾಡುತ್ತದೆ. ಬೇಳೆಗೆ ಮಾತ್ರ ಕಾವೇರಿ ನೀರು ಹಿಡಿದಿಟ್ಟುಕೊಳ್ಳುತ್ತೇನೆ. ಅದೇ ಕಾಳು ಎರಡು ವಿಷಲ್ ಮುಂಚೆ ಬೇಯುತ್ತದೆ. ಹುಣಸೆಹುಳಿ, ಟೊಮೆಟೊ ಬೆಂದ ಮೇಲೆಯೇ ಹಾಕಬೇಕು. ಹುಳಿ ಮೊದಲೇ ಬಿದ್ದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ.

ಕುಕ್ಕರ್‌ನಲ್ಲಿ ತಳಕ್ಕೆ ಬೇಳೆಯ ಪಾತ್ರೆ, ಅದರ ಮೇಲೆ ಅಕ್ಕಿ, ತುದಿಯಲ್ಲಿ ತರಕಾರಿ. ಹೊರಗಿನ ನೀರು ಒಂದೂವರೆ ಲೋಟ ಸಾಕು; ಹೆಚ್ಚಿಗೆ ಹಾಕಿದಷ್ಟೂ ಅದನ್ನು ಕಾಯಿಸಲು ಗ್ಯಾಸ್ ದಂಡ. ಮೊದಲ ವಿಷಲ್ ಆದಕೂಡಲೇ ಉರಿ ಸಿಮ್‌ಗೆ ಇಳಿಸಿ ಆರು ನಿಮಿಷ, ಆಮೇಲೆ ಆರಿಸಿಬಿಡುವುದು. ಒತ್ತಡ ತಾನಾಗಿ ಇಳಿಯುವ ಹತ್ತು ನಿಮಿಷದಲ್ಲೂ ಒಳಗೆ ಬೇಯುತ್ತಲೇ ಇರುತ್ತದೆ. ಮುಚ್ಚಳದ ಮೇಲೆ ತಣ್ಣೀರು ಸುರಿದು ಅವಸರದಲ್ಲಿ ತೆಗೆಯುವುದು, ಕೊಟ್ಟ ಕಾವನ್ನು ಮೋರಿಗೆ ಚೆಲ್ಲಿದ ಹಾಗೆ. ಹಬೆ ಪಕ್ಕದಿಂದ ಬುಸುಗುಡುತ್ತಾ ವಿಷಲ್ ತಡವಾದರೆ ಗ್ಯಾಸ್ಕೆಟ್ ಬಿಗಿದು ಗಟ್ಟಿಯಾಗಿದೆ ಎಂದರ್ಥ, ಬದಲಾಯಿಸಿ. ಅದಕ್ಕೆ ಆಗುವ ಖರ್ಚು ಖರ್ಚೇ ಅಲ್ಲ.

ಸೋಲಾರ್ ಇರುವವರು ಕುಕ್ಕರ್‌ನ ಈ ಹೊರಗಿನ ನೀರಿಗೆ ಅದರ ಬಿಸಿನೀರು ಬಳಸಬಹುದು. ಆದರೆ ಅದು ಬೇಳೆಗೆ, ಅಕ್ಕಿಗೆ, ಕಾಫಿಗೆ ಬೇಡ. ಟ್ಯಾಂಕಿನಲ್ಲಿ ದಿನಗಟ್ಟಲೆ ನಿಂತ ನೀರು ಸ್ನಾನದ ನೀರೇ ಹೊರತು ಕುಡಿಯುವ ನೀರಲ್ಲ.

ಒಲೆಯ ಉರಿ ನೀಲಿ ಇರಬೇಕು. ಹಳದಿ ಬಂದು ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ತಲೆ ಕಟ್ಟಿಕೊಂಡಿದೆ. ತಣ್ಣಗಾದ ಮೇಲೆ ಅದನ್ನು ತೆಗೆದು, ಬಿಸಿನೀರಿಗೆ ಒಂದು ಚಮಚ ಸೋಡಾ ಹಾಕಿ ಅರ್ಧ ಗಂಟೆ ನೆನೆಸಿ, ಹಳೆಯ ಬ್ರಷ್‌ನಲ್ಲಿ ಉಜ್ಜಿ, ಪೂರ್ತಿ ಒಣಗಿಸಿ ಕೂರಿಸಿ. ಕೆಳಗೆ ಗ್ಯಾಸ್ ಹೊರಬರುವ ಸಣ್ಣ ತೂತಿನ ಜೆಟ್‌ಗೆ ಮಾತ್ರ ಪಿನ್ನು ಚುಚ್ಚಬೇಡಿ. ತೂತು ಕೊಂಚ ಅಗಲವಾದರೂ ಗ್ಯಾಸ್ ಹೆಚ್ಚು ಹರಿಯುತ್ತದೆ, ಹಳದಿ ಉರಿ ಕಾಯಂ ಆಗುತ್ತದೆ. ಉರಿ ಪಾತ್ರೆಯ ಅಂಚು ದಾಟಿ ಮೇಲೆ ನೆಕ್ಕುತ್ತಿದ್ದರೆ ಅದು ಕಾಯಿಸುತ್ತಿರುವುದು ಅಡುಗೆಮನೆಯನ್ನು.

ಮುದ್ದೆಗೆ ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎಸರು ಕುದಿಯುವ ತನಕ ಮುಚ್ಚಳ ಹಾಕಿಡಿ. ರಾಗಿಯನ್ನು ಕಾಳಾಗಿಯೇ ಕೊಂಡು ತೊಳೆದು ಒಣಗಿಸಿ ಗಿರಣಿಗೆ ಕೊಡುವುದು ಅಗ್ಗ. ಮಳೆಗಾಲದಲ್ಲಿ ಮಾತ್ರ ಹದಿನೈದು ದಿನಕ್ಕಾಗುವಷ್ಟನ್ನೇ ಬೀಸಿಸಿ. ಹಿಟ್ಟು ಮುಗ್ಗಿದರೆ ಉಳಿಸಿದ್ದು ತಿಪ್ಪೆಗೆ.

ಹಾಲು, ಕಾಫಿ ನೀರನ್ನು ಇಂಡಕ್ಷನ್ ಮೇಲೆ ಇಡುತ್ತೇನೆ. ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್. ಉಚಿತ ಕರೆಂಟಿನ ಗೃಹಜ್ಯೋತಿ ಇದೆಯಲ್ಲ ಎಂದು ಇಡೀ ಅಡುಗೆಯನ್ನೇ ಅದರ ಮೇಲೆ ಏರಿಸಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಹಿಂದಿನ ಬಳಕೆ ನೋಡಿ ಗೊತ್ತುಮಾಡಿದ ಅರ್ಹತೆಯ ಯೂನಿಟ್ ಮೀರಿದರೆ ಮೀರಿದ್ದಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನಮ್ಮ ತಲೆಗೆ. ರೀಡಿಂಗ್‌ಗೆ ಬರುವ ಒಂದು ವಾರ ಮುಂಚೆ ಮೀಟರ್ ನೋಡುತ್ತೇನೆ. ಅಂಚಿಗೆ ಬಂದಿದ್ದರೆ ಇಂಡಕ್ಷನ್ ಒರೆಸಿ ಮೂಲೆಗಿಟ್ಟು, ಕಾಫಿ ನೀರು ಮತ್ತೆ ಒಲೆಯ ಚಿಕ್ಕ ಬರ್ನರ್ ಮೇಲೆ.