ಪೂಲ್ ಕ್ಯೂಗೆ ಜಾಯಿಂಟ್ ಪಿನ್: ಆರಿಸುವುದು, ಕೂರಿಸುವುದು ಹೇಗೆ?

ಎರಡು ತುಂಡಿನ ಪೂಲ್ ಕ್ಯೂನಲ್ಲಿ, ಅಂದರೆ ಪೂಲ್ ಆಟದ ಕೋಲಿನಲ್ಲಿ, ಕೈ ಹಿಡಿಯುವ ಹಿಂಭಾಗ ಬಟ್, ಚೆಂಡಿನತ್ತ ಚಾಚುವ ಮುಂಭಾಗ ಶಾಫ್ಟ್. ಎರಡನ್ನೂ ಸೇರಿಸಿ ಬಿಗಿಯುವ ತಿರುಪೇ ಜಾಯಿಂಟ್ ಪಿನ್. ಪಿನ್ ಬದಲಾದರೆ ಹೊಡೆತವೇ ಬದಲಾಗುತ್ತದೆ ಎಂದು ಆಟಗಾರರು ಹೇಳುವುದುಂಟು. ಅದನ್ನು ಪೂರ್ತಿ ನಂಬಬೇಡಿ. ಕ್ಯೂ ತುದಿ ಚೆಂಡಿಗೆ ತಾಗಿರುವುದು ಸೆಕೆಂಡಿನ ಸಾವಿರದಲ್ಲಿ ಒಂದೆರಡು ಪಾಲಷ್ಟೇ. ಕಂಪನ ಕೈಗೆ ಗೊತ್ತಾಗುವಷ್ಟರಲ್ಲಿ ಚೆಂಡು ಹೊರಟಾಗಿರುತ್ತದೆ. ಎರಡು ತುಂಡನ್ನೂ ಒಂದೇ ಗೆರೆಯಲ್ಲಿ, ಸಂದಿಯಿಲ್ಲದೆ ಹಿಡಿದರೆ ಪಿನ್ ತನ್ನ ಕೆಲಸ ಮಾಡಿದಂತೆ.

ಮೊದಲು ಅಳತೆ

ಕೈಲಿರುವ ಅಥವಾ ಮುಂದೆ ಕೊಳ್ಳಲಿರುವ ಶಾಫ್ಟ್ ಯಾವುದೋ ಅದಕ್ಕೆ ಹೊಂದುವ ಪಿನ್ ಆರಿಸಿ. 5/16–14, 5/16–18, 3/8–10, ದುಂಡು ಥ್ರೆಡ್ಡಿನ ರೇಡಿಯಲ್, ಬೇಗ ಬಿಚ್ಚಿ ಹಾಕಬಹುದಾದ ಯೂನಿ-ಲಾಕ್ ಹೆಚ್ಚು ಚಾಲ್ತಿಯಲ್ಲಿವೆ. ಮೊದಲ ಸಂಖ್ಯೆ ಇಂಚಿನಲ್ಲಿ ದಪ್ಪ, ಎರಡನೆಯದು ಇಂಚಿಗೆ ಎಷ್ಟು ಥ್ರೆಡ್ (ತಿರುಪಿನ ಸುತ್ತು) ಎಂಬ ಲೆಕ್ಕ. ಸ್ವಂತದ್ದೊಂದು ಅಳತೆ ಹುಟ್ಟುಹಾಕುವ ಉಮೇದು ಬೇಡ. ನಾಳೆ ಬೇರೆ ಶಾಫ್ಟ್ ಸಿಗದೆ ಪರದಾಡಬೇಕಾಗುತ್ತದೆ.

ಥ್ರೆಡ್ಡಿನ ಆಕಾರ

ತಲೆ ಕೆಡಿಸಿಕೊಳ್ಳಬೇಕಾದ ಜಾಗ ಇದು. ಶಾಫ್ಟಿನೊಳಗೆ ಹಿತ್ತಾಳೆಯ ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಕೊಳವೆ) ಇದ್ದರೆ ಸಣ್ಣ, ಒತ್ತಾದ ಥ್ರೆಡ್ ಸಾಕು. ಥ್ರೆಡ್ಡನ್ನು ನೇರವಾಗಿ ಮರದಲ್ಲೇ ಕೊರೆಯುವುದಾದರೆ ಮಾತು ಬೇರೆ. ಪಿನ್ನಿನ ಥ್ರೆಡ್ ತಳ ಚೂಪಾಗಿದ್ದರೆ ಅದರೊಳಗೆ ಕೂರುವ ಮರದ ಅಂಚೂ ಚೂಪಾಗಿ, ಬಿಚ್ಚಿ ಹಾಕುವಾಗೆಲ್ಲ ಪುಡಿಯಾಗಿ ಉದುರುತ್ತದೆ. ತಳ ಚಪ್ಪಟೆಯಾದ 3/8–10ರಲ್ಲಿ ಒಂದೊಂದು ಥ್ರೆಡ್ಡಿಗೆ 2.54 ಮಿಲಿಮೀಟರ್ ಜಾಗ; ಮರ ದಪ್ಪಗೆ ಉಳಿದು ಬಾಳಿಕೆ ಬರುತ್ತದೆ. ಮರಕ್ಕೆ ಮರ ತಾಗುವ ಜೋಡಣೆಗೆ ನನ್ನ ಆಯ್ಕೆ ಇದೇ.

ಲೋಹವೋ, ಬೇರೆಯೋ

ಇಲ್ಲಿ ನೋಡಬೇಕಾದದ್ದು ತೂಕ. ಒಂದು ಘನ ಸೆಂಟಿಮೀಟರಿಗೆ ಸ್ಟೇನ್‌ಲೆಸ್ ಸ್ಟೀಲ್ ಸುಮಾರು 8 ಗ್ರಾಂ, ಟೈಟಾನಿಯಂ 4.5, ಗಾಜಿನ ನಾರಿನ ಜಿ-10 ಎರಡು ಗ್ರಾಂಗಿಂತ ಕಡಿಮೆ. ಕ್ಯೂ ಮುಂದಕ್ಕೆ ವಾಲುತ್ತಿದ್ದರೆ ಹಗುರ ಪಿನ್, ಹಿಂದಕ್ಕೆ ವಾಲುತ್ತಿದ್ದರೆ ಸ್ಟೀಲ್.

ಕೂರಿಸುವ ಬಗೆ

ಬಟ್ಟನ್ನು ಲೇತಿಗೆ ಕಟ್ಟಿ, ಮುಖವನ್ನು ನೇರಕ್ಕೆ ಸವರಿ. ಡ್ರಿಲ್ ಬಿಟ್ ಮರದ ಎಳೆ ಹಿಡಿದು ಓರೆಯಾಗಿ ಹೋಗುತ್ತದೆ. ಆದ್ದರಿಂದ ರಂಧ್ರವನ್ನು ಚಿಕ್ಕದಾಗಿ ಕೊರೆದು, ರಂಧ್ರದ ಒಳಗೋಡೆ ಸವರುವ ಬೋರಿಂಗ್ ಟೂಲಿನಿಂದ ಅಳತೆಗೆ ತನ್ನಿ. ಆಮೇಲೆ ಥ್ರೆಡ್. ಪಿನ್ನಿನ ಉದ್ದಕ್ಕೂ ಸಣ್ಣ ಗೀರು ಕೊರೆಯುವುದು ಮರೆಯಬೇಡಿ. ಅದಿಲ್ಲದಿದ್ದರೆ ಒಳಗೆ ಸಿಕ್ಕಿಬಿದ್ದ ಗಾಳಿ, ಎಪಾಕ್ಸಿ ಅಂಟು ಸೇರಿ ಪಿನ್ನನ್ನು ಹೊರಕ್ಕೆ ತಳ್ಳುತ್ತವೆ. ಶಾಫ್ಟಿನ ಮರದ ಥ್ರೆಡ್ಡಿಗೆ ತೆಳು ಸೂಪರ್ ಗ್ಲೂ ಕುಡಿಸಿ, ಪೂರ್ತಿ ಒಣಗಿದ ಮೇಲೆ ಥ್ರೆಡ್ ಕೊರೆಯುವ ಟ್ಯಾಪನ್ನು ಮತ್ತೊಮ್ಮೆ ಹಾಯಿಸಿ.

ಪರೀಕ್ಷೆ

ಅಂಟು ಒಣಗಿದ ಬಳಿಕ ಪಿನ್ನಿಗೆ ಡಯಲ್ ಗೇಜ್ (ಸಣ್ಣ ಓರೆಯನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ತಾಗಿಸಿ ಬಟ್ಟನ್ನು ನಿಧಾನ ತಿರುಗಿಸಿ. ಮುಳ್ಳು ಆಡಿದರೆ ಪಿನ್ ಓರೆಯಾಗಿದೆ ಎಂದರ್ಥ. ಕಾಯಿಸಿ, ಬಿಚ್ಚಿ, ಮತ್ತೆ ಕೂರಿಸುವುದೇ ದಾರಿ. ಪಿನ್ ಬಗ್ಗಿಸಿ ನೇರ ಮಾಡುವವರಿದ್ದಾರೆ, ಅದು ನಿಲ್ಲುವುದಿಲ್ಲ. ಮುಳ್ಳು ಆಡದಿದ್ದರೆ ಶಾಫ್ಟ್ ಜೋಡಿಸಿ ಬೆಳಕಿಗೆ ಹಿಡಿಯಿರಿ. ಜೋಡಣೆಯಲ್ಲಿ ಬೆಳಕಿನ ಎಳೆ ಕಂಡರೆ ಜೋರಾಗಿ ಬಿಗಿಯಬೇಡಿ, ಮರ ಸೀಳೀತು. ಶಾಫ್ಟಿನ ಮುಖವನ್ನು ಲೇತಿನಲ್ಲಿ ಕೂದಲೆಳೆಯಷ್ಟು ಸವರಿ, ಮತ್ತೆ ಜೋಡಿಸಿ ನೋಡಿ.