ಬೋಟಿನ ಟರ್ಬೊ ಜಾಮ್: ಕಾರ್ಟ್ರಿಜ್ ಬದಲಿಸಿ ಗೆದ್ದ ನನ್ನ ಅನುಭವ

ನನ್ನ ಬೋಟಿನ ಟರ್ಬೊ (ಎಂಜಿನ್ ಹೊಗೆಯ ರಭಸಕ್ಕೆ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಸಾಧನ) ಜಾಮ್ ಆದಾಗ, ಹೊಸದು ಹಾಕದೆ ಬೇರೆ ದಾರಿಯೇ ಇಲ್ಲ ಎಂದು ನನಗೆ ಹೇಳದವರಿಲ್ಲ. ಕಾರ್ಟ್ರಿಜ್, ಅಂದರೆ ಶಾಫ್ಟ್ ಮತ್ತು ವೀಲುಗಳಿರುವ ಟರ್ಬೊದ ನಡುಭಾಗ, ಅದನ್ನು ಮಾತ್ರ ಬದಲಿಸಿದರೆ ಒಂದು ಸೀಸನ್ನೂ ಬಾಳಲ್ಲ ಎಂದು ಪಂಥ ಕಟ್ಟಿದವರೂ ಇದ್ದರು. ಈಗ ಎರಡನೇ ಸೀಸನ್ ಮುಗಿಯುತ್ತಾ ಬಂತು, ಎಂಜಿನ್ ಪೂರ್ತಿ ಆರ್‌ಪಿಎಂ ಎಳೆಯುತ್ತಿದೆ.

ಆರು ಸಿಲಿಂಡರಿನ ಎಂಜಿನ್. ಥ್ರಾಟಲ್ ಪೂರ್ತಿ ಕೊಟ್ಟರೂ 2,400 ಆರ್‌ಪಿಎಂ ಆಸುಪಾಸಿನಲ್ಲಿ ನಿಂತುಬಿಡುತ್ತಿತ್ತು, ಹಿಂದೆ ದಟ್ಟ ಕಪ್ಪು ಹೊಗೆ. ಮೊದಲೆಲ್ಲ 3,600 ಸಲೀಸಾಗಿ ಮುಟ್ಟುತ್ತಿದ್ದ ಎಂಜಿನ್ ಇದು. ಏರ್ ಫಿಲ್ಟರ್ ತೆಗೆದು ಟರ್ಬೊದಲ್ಲಿ ಗಾಳಿ ತಳ್ಳುವ ಕಂಪ್ರೆಸರ್ ವೀಲ್ ತಿರುಗಿಸಲು ನೋಡಿದೆ, ಅಲುಗಲಿಲ್ಲ. ಹಿಂದಿನ ಮೆಕ್ಯಾನಿಕ್ ಕೈತುಂಬ ದುಡ್ಡು ತೆಗೆದುಕೊಂಡು ಹೊಸದಾಗಿ ಕೂರಿಸಿದ್ದ ಟರ್ಬೊ ಅದು. ಎಕ್ಸಾಸ್ಟ್ ಎಲ್ಬೋ (ಟರ್ಬೊದಿಂದ ಹೊಗೆ ಹೊರಹೋಗುವ ಬಾಗು ಪೈಪ್) ಬಿಚ್ಚಿ ಒಳಗೆ ನೋಡುವ ಗೋಜಿಗೇ ಆತ ಹೋಗಿರಲಿಲ್ಲ.

ನಾನು ಮೊದಲು ಬಿಚ್ಚಿದ್ದೇ ಎಲ್ಬೋ. ನೀರೂ ಹೊಗೆಯೂ ಸೇರುವ ಜಾಗದಲ್ಲಿ ಒಳಗೋಡೆ ತಿಂದುಹೋಗಿ, ಉಪ್ಪುನೀರು ಟರ್ಬೊದಲ್ಲಿ ಹೊಗೆಗೆ ತಿರುಗುವ ಟರ್ಬೈನ್ ಕಡೆಗೇ ತೊಟ್ಟಿಕ್ಕುತ್ತಿತ್ತು. ಅದರ ಹೊರಕವಚವಾದ ಹೌಸಿಂಗ್ ತುಂಬ ತುಕ್ಕು, ಅದರ ಮೇಲೆ ಗಟ್ಟಿಯಾದ ಮಸಿ. ವೀಲಿನ ರೆಕ್ಕೆಗೂ ಗೋಡೆಗೂ ನಡುವೆ ಕೂದಲೆಳೆಯಷ್ಟೂ ಜಾಗ ಉಳಿದಿರಲಿಲ್ಲ. ಈ ಎಲ್ಬೋ ಹಾಗೇ ಬಿಟ್ಟು ಎಷ್ಟು ಟರ್ಬೊ ಹಾಕಿದರೂ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆಯೇ.

ಬಿಚ್ಚುವಾಗ ಎರಡು ಸ್ಟಡ್ (ತಲೆಯಿಲ್ಲದ ಬೋಲ್ಟ್) ಮುರಿದವು. ಸಿಲಿಂಡರುಗಳ ಹೊಗೆ ಒಟ್ಟುಗೂಡುವ ಮ್ಯಾನಿಫೋಲ್ಡನ್ನೇ ಬೆಂಚಿಗೆ ತಂದು, ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡಿ, ಬಿಸಿ ಇರುವಾಗಲೇ ಹಿಂದೆ ಮುಂದೆ ಆಡಿಸುತ್ತಾ ತೆಗೆದೆ. ಟರ್ಬೈನ್ ಹೌಸಿಂಗ್ ಬಿಡಿಸಲು ನನ್ನದೇ ಒಂದು ಉಪಾಯವಿದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಸುತ್ತಿಗೆ ಮುಟ್ಟಲಿಲ್ಲ, ಅಷ್ಟು ಸಾಕು.

ಕುತೂಹಲಕ್ಕೆ ಹಳೇ ಕಾರ್ಟ್ರಿಜ್ಜನ್ನು ಡೀಸೆಲ್ ಮತ್ತು ಗೇರ್ ಆಯಿಲಿನ ಮಿಶ್ರಣದಲ್ಲಿ ನೆನೆಹಾಕಿದ್ದೆ. ಕೆಲವು ದಿನಕ್ಕೆ ಶಾಫ್ಟ್ ತಿರುಗಿತು. ಆದರೆ ಸೀಲ್ ರಿಂಗ್ ಕೂರುವ ಗ್ರೂವೇ ತುಕ್ಕು ತಿಂದಿತ್ತು, ಬ್ಯಾಲೆನ್ಸಿಗೂ ಕಳಿಸದೆ ಕೈಬಿಟ್ಟೆ. ಲಕ್ಷಕ್ಕೂ ಹೆಚ್ಚು ಆರ್‌ಪಿಎಂ ತಿರುಗುವ ಶಾಫ್ಟಿನಲ್ಲಿ ಅಂದಾಜಿನ ಕೆಲಸ ನಡೆಯುವುದಿಲ್ಲ. ಮಸಿಗೆ ಓವನ್ ಕ್ಲೀನರ್ ಒಳ್ಳೆಯದು ಅನ್ನುತ್ತಾರಲ್ಲ, ಅದೇ ಹಳೇ ಕಂಪ್ರೆಸರ್ ವೀಲನ್ನು ಅದರಲ್ಲಿ ಇಟ್ಟು ನೋಡಿದೆ. ಕ್ಲೀನರಿನಲ್ಲಿರುವ ಕಾಸ್ಟಿಕ್ಕಿಗೆ ವೀಲಿನ ಅಲ್ಯೂಮಿನಿಯಂ ನೊರೆನೊರೆಯಾಗಿ, ರೆಕ್ಕೆಯ ಅಂಚೆಲ್ಲ ಬೂದುಬಣ್ಣಕ್ಕೆ ತಿರುಗಿ ಒರಟಾಯಿತು. ಹೊಸ ಭಾಗಕ್ಕೆ ಅದನ್ನು ತಾಗಿಸಬೇಡಿ.

ಖರ್ಚಿನ ವಿಷಯ. ಬ್ಯಾಲೆನ್ಸ್ ಆಗಿ ಬಂದ ಹೊಸ ಕಾರ್ಟ್ರಿಜ್ಜಿಗೆ ಹೊಸ ಟರ್ಬೊದ ಮೂರನೇ ಒಂದು ಭಾಗದಷ್ಟಾಯಿತು. ಸ್ಟೇನ್‌ಲೆಸ್ ಎಲ್ಬೋ ಮಾಡಿಸಿದ್ದಕ್ಕೆ ಕಾರ್ಟ್ರಿಜ್ ಬೆಲೆಯ ಅರ್ಧಕ್ಕಿಂತ ಜಾಸ್ತಿ. ಗ್ಯಾಸ್ಕೆಟ್, ಸ್ಟಡ್, ಆಯಿಲ್ ಪೈಪ್ ಎಲ್ಲ ಸೇರಿ ಹೊಸದರ ಅರ್ಧ ಬೆಲೆಯನ್ನು ಸ್ವಲ್ಪ ದಾಟಿತು. ಆಯಿಲ್ ಪೈಪಿನಲ್ಲಿ ಜಿಪುಣತನ ಮಾಡಲಿಲ್ಲ. ಹಳೇ ಪೈಪ್ ಕತ್ತರಿಸಿದಾಗ ಒಳಗೆ ಸುಟ್ಟ ಆಯಿಲ್ ಕಟ್ಟಿಕೊಂಡು ರಂಧ್ರ ಅರ್ಧಕ್ಕೆ ಇಳಿದಿತ್ತು.

ಜೋಡಿಸುವಾಗ ಹೌಸಿಂಗಿನ ಕೋನಕ್ಕೆ ಮೊದಲೇ ಪಂಚ್ ಗುರುತು ಹಾಕಿದ್ದೆ. ಆಯಿಲ್ ಡ್ರೈನ್ ಆದಷ್ಟು ನೇರ ಕೆಳಗೆ ಇಳಿಯಬೇಕು, ಇಲ್ಲದಿದ್ದರೆ ಹೊಸ ಸೀಲೂ ಸೋರುತ್ತದೆ. ಆಯಿಲ್ ಫ್ಲೇಂಜಿಗೆ ಸಿಲಿಕೋನ್ ಹಚ್ಚಲೇ ಇಲ್ಲ, ಅದರ ಚೂರು ಒಳಗೆ ಹೋದರೆ ಶಾಫ್ಟ್ ತಿರುಗುವ ಬುಷ್ ಮುಗಿಯಿತು. ಇನ್‌ಲೆಟ್ಟಿಗೆ ಆಯಿಲ್ ಸುರಿದು ಬೆರಳಲ್ಲಿ ಶಾಫ್ಟ್ ತಿರುಗಿಸಿ, ಎಂಜಿನ್ ಸ್ಟಾರ್ಟ್ ಆಗದಂತೆ ಸ್ಟಾಪ್ ಎಳೆದು ಹಿಡಿದು ಕ್ರ್ಯಾಂಕ್ ಮಾಡಿದೆ (ಸ್ಟಾರ್ಟರಿನಿಂದ ಎಂಜಿನ್ ತಿರುಗಿಸಿದೆ). ಆ ಹೊತ್ತಿಗೆ ಸಮುದ್ರದ ನೀರಿನ ವಾಲ್ವ್ ಮುಚ್ಚಿರಲೇಬೇಕು. ಎಂಜಿನ್ ಸ್ಟಾರ್ಟ್ ಆಗದೆ ಕ್ರ್ಯಾಂಕ್ ಮಾಡುತ್ತಲೇ ಇದ್ದರೆ ಮಫ್ಲರ್ ತುಂಬಿ ನೀರು ಸಿಲಿಂಡರಿಗೇ ಬರುತ್ತದೆ. ಸ್ಟಾರ್ಟ್ ಆದ ಕೂಡಲೇ ವಾಲ್ವ್ ತೆರೆಯುವುದನ್ನು ಮರೆಯಬಾರದು.

ಮೊದಲು 0.2 ಬಾರ್ ಕೂಡ ದಾಟದಿದ್ದ ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಈಗ ಲೋಡಿನಲ್ಲಿ 1 ಬಾರ್ ಹತ್ತಿರ ಬರುತ್ತದೆ. ಪ್ರತಿ ಸಲ ಹೊರಟಾಗ ಎಂಜಿನ್ ಬಿಸಿಯಾದ ಮೇಲೆ ಸ್ವಲ್ಪ ಹೊತ್ತು ಪೂರ್ತಿ ಥ್ರಾಟಲ್ ಕೊಟ್ಟು ಮಸಿ ಸುಡುತ್ತೇನೆ, ನಿಲ್ಲಿಸುವ ಮುಂಚೆ ಐದು ನಿಮಿಷ ಐಡಲ್‌ನಲ್ಲಿ ಬಿಡುತ್ತೇನೆ. ಎಲ್ಬೋ ಸೀಸನ್ನಿಗೊಮ್ಮೆ ಬಿಚ್ಚುವುದು ಖಾಯಂ. ಕಳೆದ ಸಲ ಗ್ಯಾಸ್ಕೆಟ್ ಬಿಟ್ಟು ಬೇರೇನೂ ಬದಲಿಸಬೇಕಾಗಲಿಲ್ಲ.